ಆರು ಅಂಕಿ ಓದಿ, ಆಮೇಲೆ ‘ಹೌದು’ ಅನ್ನಿ

ಫೋನನ್ನು ಲ್ಯಾಪ್‌ಟಾಪಿಗೆ ಬ್ಲೂಟೂತ್ ಮೂಲಕ ಜೋಡಿಸಲು ಹೊರಟರೆ ಎರಡೂ ಪರದೆಗಳ ಮೇಲೆ ಆರು ಅಂಕಿಯ ಸಂಖ್ಯೆಯೊಂದು ಮೂಡುತ್ತದೆ. ಅದರ ಕೆಳಗೊಂದು ಪ್ರಶ್ನೆ: ಎರಡೂ ಕಡೆ ಇರುವುದು ಇದೇ ಸಂಖ್ಯೆಯೇ? ಸಂಖ್ಯೆಯನ್ನು ಪೂರ್ತಿ ಓದಿ, ಇನ್ನೊಂದು ಪರದೆಯತ್ತ ತಿರುಗಿ ತಾಳೆ ನೋಡಿ, ಆಮೇಲೆ ಉತ್ತರಿಸುವವರು ಅಪರೂಪ. ಪ್ರಶ್ನೆ ಬಂದ ಕೂಡಲೇ ಬೆರಳು ‘ಹೌದು’ ಎಂಬಲ್ಲಿಗೆ ಹೋಗಿಬಿಡುತ್ತದೆ. ಆ್ಯಪ್‌ಗಳ ಷರತ್ತುಗಳನ್ನು ಓದದೆ ಒಪ್ಪಿಗೆ ಒತ್ತುವ ರೂಢಿಯೇ ಇಲ್ಲಿಗೂ ಹಬ್ಬಿದೆ.

ಈ ವಾರದ ಅಂಕಣದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು: ಆ ಆರು ಅಂಕಿಗಳನ್ನು ದಯವಿಟ್ಟು ಓದಿ. ಬ್ಲೂಟೂತ್ ಜೋಡಣೆಯಲ್ಲಿ ಲೆಕ್ಕದ ಭಾರವನ್ನೆಲ್ಲ ಯಂತ್ರಗಳೇ ಹೊರುತ್ತವೆ. ಆದರೆ ಅವುಗಳ ಕೈಲಾಗದ ಕೆಲಸವೊಂದಿದೆ. ತನ್ನೊಡನೆ ಮಾತಾಡುತ್ತಿರುವುದು ಮೇಜಿನ ಮೇಲಿರುವ ಲ್ಯಾಪ್‌ಟಾಪೋ, ಗೋಡೆಯಾಚೆ ಕೂತ ಯಾರದೋ ಯಂತ್ರವೋ ಎಂಬುದು ಫೋನಿಗೆ ತಿಳಿಯುವುದಿಲ್ಲ. ಅದಕ್ಕೆ ಸಿಗುವುದು ರೇಡಿಯೊ ಅಲೆ ಮಾತ್ರ. ಮೇಜಿನ ಮೇಲೆ ಏನಿದೆಯೆಂದು ಕಾಣುವುದು ನಿಮ್ಮ ಕಣ್ಣಿಗೆ. ಆ ಕಣ್ಣನ್ನು ಲೆಕ್ಕದೊಳಗೆ ಸೇರಿಸಿಕೊಳ್ಳಲೆಂದೇ ಈ ಸಂಖ್ಯೆಯನ್ನು ತೋರಿಸುತ್ತಾರೆ.

ಹಾಡು ಕೇಳುವ ಇಯರ್‌ಫೋನಿಗೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಬ್ಲೂಟೂತ್ ಈಗ ಹಾಡಿಗಷ್ಟೇ ಸೀಮಿತವಾಗಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕೀಬೋರ್ಡು, ಅಂಗಡಿಯ ಬಿಲ್ ಮುದ್ರಿಸುವ ಪುಟ್ಟ ಪ್ರಿಂಟರು, ಮನೆಯ ಬಾಗಿಲಿನ ಎಲೆಕ್ಟ್ರಾನಿಕ್ ಬೀಗ, ಸ್ಕೂಟರಿನ ಡ್ಯಾಶ್‌ಬೋರ್ಡು, ಅಜ್ಜನ ಕಿವಿಯ ಶ್ರವಣಯಂತ್ರ, ಮಧುಮೇಹಿಗಳ ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರು, ಎಲ್ಲವೂ ಇದೇ ಅಲೆಯ ಮೇಲೆ ಮಾತಾಡುತ್ತವೆ.

ಬೇಲಿಯಿಲ್ಲದ ಬಯಲು

1994ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರುಗಳು ಮೊಬೈಲ್ ಫೋನು ಮತ್ತು ಅದರ ಬಿಡಿ ಉಪಕರಣಗಳ ನಡುವಿನ ತಂತಿಯನ್ನು ತೆಗೆದುಹಾಕುವ ಕೆಲಸಕ್ಕೆ ಕೈಹಾಕಿದರು. ನೆದರ್ಲೆಂಡ್ಸ್ ಮೂಲದ ಯಾಪ್ ಹಾರ್ಟ್ಸನ್ ಮತ್ತು ಸ್ವೀಡನ್ನಿನ ಸ್ವೆನ್ ಮ್ಯಾಟಿಸನ್ ಅದರ ರೇಡಿಯೊ ವಿನ್ಯಾಸಕ್ಕೆ ತಳಪಾಯ ಹಾಕಿದವರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೊಶಿಬಾ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಮರುವರ್ಷ ಮೊದಲ ಆವೃತ್ತಿಯ ನಿಯಮಾವಳಿ ಹೊರಬಂತು.

ಅವರು ಆಯ್ದುಕೊಂಡದ್ದು 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿ. ಇದನ್ನು ಬಳಸಲು ಪರವಾನಗಿ ಬೇಡ. ನಮ್ಮ ದೇಶದಲ್ಲೂ 2005ರಲ್ಲಿ ಈ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ವೈಫೈ ಇಲ್ಲೇ ಇದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ಸದ್ದೂ ಇಲ್ಲೇ ಬಂದು ಸೇರುತ್ತದೆ. ಈ ಗದ್ದಲದ ನಡುವೆ ದಾರಿ ಮಾಡಿಕೊಳ್ಳಲು ಬ್ಲೂಟೂತ್ ಪಟ್ಟಿಯನ್ನು 79 ಕಾಲುವೆಗಳಾಗಿ ಸೀಳಿಕೊಂಡು ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹೀಗೆ ಆವರ್ತನದಿಂದ ಆವರ್ತನಕ್ಕೆ ಜಿಗಿಯುವ ಉಪಾಯಕ್ಕೆ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಶತ್ರುಗಳು ಟಾರ್ಪಿಡೊಗಳ ರೇಡಿಯೊ ಸಂಕೇತವನ್ನು ಕೆಡಿಸದಂತೆ ತಡೆಯುವುದು ಅವರ ಉದ್ದೇಶವಾಗಿತ್ತು.

ಸೆಕೆಂಡಿಗೆ 1600 ಜಿಗಿತವೆಂದರೆ ಕದ್ದು ಕೇಳುವವನ ಕೈಗೆ ಸಿಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಆ ನಂಬಿಕೆಗೆ ಆಧಾರವಿಲ್ಲ. ಯಾವ ಕ್ರಮದಲ್ಲಿ ಜಿಗಿಯಬೇಕೆಂಬುದು ಉಪಕರಣದ ವಿಳಾಸ ಮತ್ತು ಅದರ ಗಡಿಯಾರದಿಂದ ತೀರ್ಮಾನವಾಗುತ್ತದೆ. ಅವೆರಡನ್ನು ಪತ್ತೆಹಚ್ಚಿದ ಯಂತ್ರ ಹಿಂದೆಯೇ ಜಿಗಿಯುತ್ತ ಕೇಳಿಸಿಕೊಳ್ಳಬಲ್ಲದು.

ಹತ್ತು ಮೀಟರಿನಾಚೆ ಬ್ಲೂಟೂತ್ ಹೋಗುವುದಿಲ್ಲ ಎಂಬ ಧೈರ್ಯವೂ ಅರೆಬರೆ. ಹತ್ತು ಮೀಟರ್ ಎಂಬುದು ಸಾಮಾನ್ಯ ಆಂಟೆನಾದ ಅಳತೆ. 2004ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಒಂದೇ ದಿಕ್ಕಿಗೆ ಗುರಿಯಿಡುವ ದೊಡ್ಡ ಆಂಟೆನಾ ಬಳಸಿ 1.78 ಕಿಲೋಮೀಟರ್ ದೂರದ ಸಾಧಾರಣ ಫೋನಿನ ಬ್ಲೂಟೂತನ್ನು ಮುಟ್ಟಿದ್ದರು. ನಮ್ಮ ಪಿಸುಮಾತು ಎಲ್ಲಿಯವರೆಗೆ ಕೇಳುತ್ತದೆ ಎಂಬುದು ಕೇಳುವವನ ಕಿವಿ ಎಷ್ಟು ಚುರುಕು ಎಂಬುದನ್ನೂ ಅವಲಂಬಿಸಿದೆ.

ಹೀಗಾಗಿ ಜಿಗಿತವನ್ನೂ ದೂರವನ್ನೂ ನಂಬಿ ಕೂರುವಂತಿಲ್ಲ. ಆಡುವ ಮಾತನ್ನೇ ಗೂಢಲಿಪಿಗೆ ತಿರುಗಿಸಬೇಕು. ಅದಕ್ಕೆ ಎರಡೂ ಉಪಕರಣಗಳ ಬಳಿ ಒಂದೇ ಗುಪ್ತ ಕೀಲಿ ಇರಬೇಕು. ಆದರೆ ಆ ಕೀಲಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಇರುವ ದಾರಿಯೂ ಎಲ್ಲರಿಗೂ ಕೇಳುವ ಅದೇ ಗಾಳಿ. ಜೋಡಣೆಯ ಮೂಲ ಸಮಸ್ಯೆ ಇದು.

ನಾಲ್ಕು ಸೊನ್ನೆಗಳ ಕಾಲ

ಇಪ್ಪತ್ತು ವರ್ಷಗಳ ಹಿಂದೆ ಬ್ಲೂಟೂತ್ ಹೆಡ್‌ಸೆಟ್ ಬಳಸಿದವರಿಗೆ 0000 ಅಥವಾ 1234 ಒತ್ತಿದ್ದು ನೆನಪಿರಬಹುದು. ಅಂದಿನ ನಿಯಮದ ಪ್ರಕಾರ ಕೀಲಿ ಹುಟ್ಟುತ್ತಿದ್ದುದೇ ಆ ಪಿನ್‌ನಿಂದ. ಪಿನ್ 16 ಅಕ್ಷರಗಳವರೆಗೂ ಇರಬಹುದೆಂದು ನಿಯಮಾವಳಿ ಹೇಳಿತ್ತು. ಬಳಕೆಯಲ್ಲಿ ಅದು ನಾಲ್ಕು ಅಂಕಿಗೆ ಇಳಿಯಿತು. ಹೆಡ್‌ಸೆಟ್, ಕಾರ್ ಕಿಟ್‌ಗಳಲ್ಲಂತೂ ತಯಾರಕರೇ ಕಾರ್ಖಾನೆಯಲ್ಲಿ ಸೊನ್ನೆಗಳನ್ನು ತುಂಬಿ ಕಳಿಸಿದರು.

ಅದರ ಫಲ ಬೇಗನೆ ಕಂಡಿತು. 2005ರಲ್ಲಿ ಟ್ರೈಫೈನೈಟ್ ಎಂಬ ಸಂಶೋಧಕರ ಗುಂಪು ‘ಕಾರ್ ವಿಸ್ಪರರ್’ ಎಂಬ ತಂತ್ರಾಂಶವನ್ನು ತೋರಿಸಿತು. ಎಲ್ಲರಿಗೂ ಗೊತ್ತಿರುವ ಪಿನ್ ಬಳಸಿ, ಸಾಗುತ್ತಿರುವ ಕಾರಿನ ಹ್ಯಾಂಡ್ಸ್‌ಫ್ರೀ ಕಿಟ್‌ನೊಳಗೆ ಹೊಕ್ಕು, ಒಳಗಿನವರ ಮಾತು ಕೇಳಲೂ ತನ್ನ ಮಾತನ್ನು ಅವರಿಗೆ ಕೇಳಿಸಲೂ ಅದಕ್ಕೆ ಸಾಧ್ಯವಾಗುತ್ತಿತ್ತು. ಅದೇ ವರ್ಷ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾನಿವ್ ಶಾಕೆಡ್ ಮತ್ತು ಅವಿಶಾಯಿ ವೂಲ್ ಇನ್ನೂ ಆಳದ ಪೆಟ್ಟು ಕೊಟ್ಟರು. ಜೋಡಣೆಯ ವೇಳೆ ಗಾಳಿಯಲ್ಲಿ ಹರಿದ ಸಂದೇಶಗಳನ್ನು ದಾಖಲಿಸಿಕೊಂಡರೆ ನಾಲ್ಕು ಅಂಕಿಯ ಪಿನ್ನನ್ನು ಅಂದಿನ ಪೆಂಟಿಯಂ ಕಂಪ್ಯೂಟರಿನಲ್ಲಿ 0.06 ಸೆಕೆಂಡಿನೊಳಗೆ ಕಂಡುಹಿಡಿಯಬಹುದೆಂದು ಅವರು ತೋರಿಸಿದರು.

ಅಷ್ಟು ಸುಲಭವಾದುದಕ್ಕೆ ಕಾರಣವಿದೆ. ಆ ವಿಧಾನದಲ್ಲಿ ಪಿನ್ ಒಂದೇ ಗುಟ್ಟು. ಉಳಿದ ಸಂಖ್ಯೆಗಳೆಲ್ಲ ಬಹಿರಂಗವಾಗಿಯೇ ಸಾಗುತ್ತಿದ್ದವು. ನಾಲ್ಕು ಅಂಕಿಗಳಲ್ಲಿ ಸಾಧ್ಯವಿರುವುದು 10,000 ಪಿನ್‌ಗಳು. ಕದ್ದು ಕೇಳಿದವನು ಮನೆಗೆ ಹೋಗಿ, ನಿಧಾನವಾಗಿ, ಒಂದೊಂದನ್ನೇ ಹಾಕಿ ನೋಡಿದರೂ ಅವನನ್ನು ತಡೆಯುವವರಿಲ್ಲ. ಜೋಡಣೆಯ ಗಳಿಗೆಯಲ್ಲಿ ಅವನು ಅಲ್ಲಿರದಿದ್ದರೆ ಏನಾಗುತ್ತದೆ? ಶಾಕೆಡ್ ಮತ್ತು ವೂಲ್ ಅದಕ್ಕೂ ಉತ್ತರ ಕೊಟ್ಟರು. ಸುಳ್ಳು ಸಂದೇಶ ಕಳಿಸಿ, ಒಂದು ಉಪಕರಣ ತನ್ನ ಕೀಲಿಯನ್ನು ಮರೆತಿದೆ ಎಂದು ಇನ್ನೊಂದನ್ನು ನಂಬಿಸಿ, ಜೋಡಣೆ ಮತ್ತೊಮ್ಮೆ ನಡೆಯುವಂತೆ ಮಾಡುವ ದಾರಿಗಳನ್ನು ಅವರು ವಿವರಿಸಿದರು. ಆ ಪಾಠ ಇಂದಿಗೂ ಬೇಕು. ತಿಂಗಳುಗಟ್ಟಲೆ ಸರಿಯಾಗಿದ್ದ ಉಪಕರಣ ಬಸ್ ನಿಲ್ದಾಣದಲ್ಲೋ ಕಾಫಿ ಹೋಟೆಲಿನಲ್ಲೋ ಇದ್ದಕ್ಕಿದ್ದಂತೆ ಮತ್ತೆ ಜೋಡಣೆ ಕೇಳಿದರೆ ‘ಬೇಡ’ ಎನ್ನಿ. ಮನೆಗೆ ಹೋದ ಮೇಲೆ ವಿಚಾರಿಸಿ.

ಎಲ್ಲರೆದುರೇ ಹುಟ್ಟುವ ಗುಟ್ಟು

2007ರಲ್ಲಿ ಬಂದ ಬ್ಲೂಟೂತ್ 2.1 ಆವೃತ್ತಿ ಪಿನ್ ಪದ್ಧತಿಗೆ ಬದಲಾಗಿ ಬೇರೆಯೇ ದಾರಿ ಹಿಡಿಯಿತು. ಅದರ ಬೇರು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಪ್ರಬಂಧದಲ್ಲಿದೆ. ಒಬ್ಬರಿಗೊಬ್ಬರು ಮೊದಲೇ ಯಾವ ಗುಟ್ಟನ್ನೂ ಹಂಚಿಕೊಳ್ಳದ ಇಬ್ಬರು, ಎಲ್ಲರಿಗೂ ಕೇಳುವಂತೆ ಮಾತಾಡಿಯೂ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಸಂಖ್ಯೆಯೊಂದನ್ನು ತಲುಪಬಹುದು ಎಂದು ಅವರು ತೋರಿಸಿಕೊಟ್ಟರು. ಮೊದಲ ಸಲ ಕೇಳಿದವರಿಗೆ ಇದು ಅಸಾಧ್ಯವೆನಿಸುತ್ತದೆ. ಪೆನ್ನು ಕಾಗದ ತೆಗೆದುಕೊಂಡರೆ ಐದು ನಿಮಿಷದಲ್ಲಿ ನೀವೇ ಮಾಡಿ ನೋಡಬಹುದು.

ಎಲ್ಲರಿಗೂ ಗೊತ್ತಿರುವ ಎರಡು ಸಂಖ್ಯೆ ತೆಗೆದುಕೊಳ್ಳೋಣ: 3 ಮತ್ತು 17. ಫೋನು ಗುಟ್ಟಾಗಿ 6 ಎಂಬ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. 3ನ್ನು ಆರು ಸಲ ಗುಣಿಸಿದರೆ 729. ಅದನ್ನು 17ರಿಂದ ಭಾಗಿಸಿದರೆ ಉಳಿಯುವ ಶೇಷ 15. ಫೋನು ಈ 15ನ್ನು ಗಾಳಿಯಲ್ಲಿ ಸಾರಿ ಹೇಳುತ್ತದೆ. ಲ್ಯಾಪ್‌ಟಾಪು ಗುಟ್ಟಾಗಿ 7ನ್ನು ಆರಿಸಿಕೊಳ್ಳುತ್ತದೆ. 3ನ್ನು ಏಳು ಸಲ ಗುಣಿಸಿದರೆ 2187; 17ರಿಂದ ಭಾಗಿಸಿದಾಗ ಶೇಷ 11. ಅದು 11 ಎಂದು ಸಾರುತ್ತದೆ. ಈಗ ಫೋನು ತನಗೆ ಬಂದ 11ನ್ನು ತನ್ನ ಗುಟ್ಟಿನಂತೆ ಆರು ಸಲ ಗುಣಿಸಿ 17ರಿಂದ ಭಾಗಿಸುತ್ತದೆ. ಶೇಷ 8. ಲ್ಯಾಪ್‌ಟಾಪು 15ನ್ನು ಏಳು ಸಲ ಗುಣಿಸಿ 17ರಿಂದ ಭಾಗಿಸುತ್ತದೆ. ಅಲ್ಲೂ ಶೇಷ 8. ಈ 8 ಗಾಳಿಯಲ್ಲಿ ಒಮ್ಮೆಯೂ ಸಾಗಲಿಲ್ಲ. ಕದ್ದು ಕೇಳಿದವನ ಕೈಯಲ್ಲಿರುವುದು 3, 17, 15, 11 ಮಾತ್ರ.

ಇಷ್ಟು ಚಿಕ್ಕ ಸಂಖ್ಯೆಗಳಾದರೆ ಅವನು ಹಿಂದಿನಿಂದ ಲೆಕ್ಕ ಹಾಕಿ 6ನ್ನೋ 7ನ್ನೋ ಹುಡುಕಿಬಿಡಬಹುದು. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದಾಗ ಮುಂದಕ್ಕೆ ಲೆಕ್ಕ ಹಾಕುವುದು ಕ್ಷಣಾರ್ಧದ ಕೆಲಸ, ಹಿಂದಕ್ಕೆ ಹೋಗುವುದು ಇಂದಿನ ಕಂಪ್ಯೂಟರುಗಳ ಶಕ್ತಿಗೆ ಮೀರಿದ್ದು. ಬ್ಲೂಟೂತ್‌ನಂಥ ಪುಟ್ಟ ಚಿಪ್‌ಗಳಲ್ಲಿ ಅಷ್ಟು ಉದ್ದದ ಸಂಖ್ಯೆಗಳು ಭಾರವಾಗುತ್ತವೆ. ಹಾಗಾಗಿ ಇದೇ ತತ್ತ್ವವನ್ನು ದೀರ್ಘವೃತ್ತೀಯ ವಕ್ರರೇಖೆಗಳ ಮೇಲೆ ನಡೆಸುತ್ತಾರೆ. 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಸೂಚಿಸಿದ ಈ ದಾರಿಯಲ್ಲಿ ಚಿಕ್ಕ ಸಂಖ್ಯೆಗಳಿಂದಲೇ ಅಷ್ಟೇ ಬಲ ಸಿಗುತ್ತದೆ. ಬ್ಲೂಟೂತ್ ಮೊದಲು 192 ಬಿಟ್‌ಗಳ ರೇಖೆಯನ್ನೂ, ಆವೃತ್ತಿ 4.1ರ ನಂತರ 256 ಬಿಟ್‌ಗಳ ರೇಖೆಯನ್ನೂ ಬಳಸಿತು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಬ್ಲೂಟೂತ್ ಎಲ್‌ಇ ಬಗೆಗೆ ಈ ರಕ್ಷಣೆ ದೊರೆತದ್ದು 2014ರ ಕೊನೆಯಲ್ಲಿ ಬಂದ 4.2 ಆವೃತ್ತಿಯಿಂದ. ಉಪಕರಣ ಕೊಳ್ಳುವಾಗ ಡಬ್ಬಿಯ ಮೇಲೆ 4.2 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದೆಯೇ ಎಂದು ನೋಡಬೇಕಾದ್ದು ಇದಕ್ಕಾಗಿಯೇ.

ನಡುವೆ ಬಂದು ಕೂತವನು

ಕದ್ದು ಕೇಳುವವನ ಕಾಟ ಇಲ್ಲಿಗೆ ತೀರಿತು. ಆದರೆ ಡಿಫಿ-ಹೆಲ್ಮನ್ ಲೆಕ್ಕಕ್ಕೆ ಒಂದು ಮಿತಿಯಿದೆ. ಗುಟ್ಟು ಹುಟ್ಟಿತು ಎಂದಷ್ಟೇ ಅದು ಖಾತರಿ ಕೊಡುತ್ತದೆ. ಯಾರ ಜೊತೆ ಹುಟ್ಟಿತು ಎಂದು ಹೇಳಲಾರದು.

ಒಬ್ಬ ಕಿಡಿಗೇಡಿ ನಡುವೆ ಬಂದು ಕೂತನೆಂದುಕೊಳ್ಳಿ. ಅವನು ಫೋನಿಗೆ ತಾನೇ ಲ್ಯಾಪ್‌ಟಾಪು ಎನ್ನುತ್ತಾನೆ, ಲ್ಯಾಪ್‌ಟಾಪಿಗೆ ತಾನೇ ಫೋನು ಎನ್ನುತ್ತಾನೆ. ಇಬ್ಬರೊಡನೆಯೂ ಬೇರೆ ಬೇರೆ ಕೀಲಿ ಮಾಡಿಕೊಳ್ಳುತ್ತಾನೆ. ಒಂದು ಕಡೆಯಿಂದ ಬಂದದ್ದನ್ನು ಬಿಡಿಸಿ ಓದಿ, ಮತ್ತೆ ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಕಡೆಗೆ ಸಾಗಿಸುತ್ತಾನೆ. ಎರಡೂ ಉಪಕರಣಗಳಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಮೋಸವನ್ನು ರೇಡಿಯೊದೊಳಗಿಂದ ಪತ್ತೆಹಚ್ಚಲು ದಾರಿಯಿಲ್ಲ.

ಆರು ಅಂಕಿಗಳ ಕೆಲಸ ಶುರುವಾಗುವುದು ಇಲ್ಲಿ. ಎರಡೂ ಉಪಕರಣಗಳು ತಾವು ಸಾರಿದ ಮತ್ತು ತಮಗೆ ಬಂದ ಸಂಖ್ಯೆಗಳನ್ನೆಲ್ಲ ಒಟ್ಟು ಅರೆದು ಅದರಿಂದ ಆರು ಅಂಕಿ ತೆಗೆಯುತ್ತವೆ. ನಡುವೆ ಯಾರೂ ಇಲ್ಲದಿದ್ದರೆ ಎರಡೂ ಕಡೆ ಅರೆದ ಸಾಮಗ್ರಿ ಒಂದೇ; ಬರುವ ಸಂಖ್ಯೆಯೂ ಒಂದೇ. ನಡುವೆ ಯಾರಾದರೂ ಇದ್ದರೆ ಫೋನಿನ ಸಾಮಗ್ರಿ ಬೇರೆ, ಲ್ಯಾಪ್‌ಟಾಪಿನದು ಬೇರೆ. ಸಂಖ್ಯೆಗಳೂ ಬೇರೆಯಾಗುತ್ತವೆ.

ಆದರೂ ಒಂದು ಸಂದೇಹ ಉಳಿಯುತ್ತದೆ. ಆರು ಅಂಕಿಗಳಲ್ಲಿ ಇರುವುದು ಹತ್ತು ಲಕ್ಷ ಸಾಧ್ಯತೆ ಮಾತ್ರ. ಕಿಡಿಗೇಡಿಯ ಕಂಪ್ಯೂಟರು ತನ್ನ ಸಂಖ್ಯೆಗಳನ್ನು ಬದಲಿಸಿ ಬದಲಿಸಿ, ಎರಡೂ ಪರದೆಗಳಲ್ಲಿ ಒಂದೇ ಸಂಖ್ಯೆ ಬರುವಂತೆ ಹೊಂದಿಸಿಕೊಳ್ಳಬಾರದೇಕೆ? ವಿನ್ಯಾಸಕರು ಇದನ್ನು ಮೊದಲೇ ಯೋಚಿಸಿದ್ದರು. ಇಬ್ಬರು ಒಂದೊಂದು ಸಂಖ್ಯೆ ನೆನೆದು ಪಂದ್ಯ ಕಟ್ಟಿದಾಗ, ಎರಡನೆಯವನು ಮೊದಲನೆಯವನ ಸಂಖ್ಯೆ ಕೇಳಿ ತನ್ನದನ್ನು ಬದಲಿಸಿಕೊಳ್ಳದಂತೆ ಏನು ಮಾಡುತ್ತೇವೆ? ಒಬ್ಬ ತನ್ನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಎಲ್ಲರೆದುರು ಇಡುತ್ತಾನೆ, ಇನ್ನೊಬ್ಬ ತನ್ನದನ್ನು ಬಾಯಿಬಿಟ್ಟು ಹೇಳುತ್ತಾನೆ, ಆಮೇಲೆ ಚೀಟಿ ಬಿಚ್ಚುತ್ತಾರೆ. ಬ್ಲೂಟೂತ್‌ನಲ್ಲೂ ಒಂದು ಉಪಕರಣ ತಾನು ಆಯ್ದ 128 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯ ಮುಚ್ಚಿದ ಗುರುತನ್ನು ಮೊದಲೇ ಕಳಿಸಿ ತನ್ನನ್ನು ಕಟ್ಟಿಹಾಕಿಕೊಳ್ಳುತ್ತದೆ. ಇನ್ನೊಂದು ತನ್ನ ಸಂಖ್ಯೆ ಹೇಳಿದ ನಂತರವೇ ಮುಚ್ಚಿದ್ದನ್ನು ಬಿಚ್ಚುತ್ತದೆ. ಹೀಗಾಗಿ ನಡುವೆ ಕೂತವನಿಗೆ ಹುಡುಕಾಡಲು ಎಡೆಯಿಲ್ಲ. ಅವನಿಗಿರುವುದು ಒಂದೇ ಒಂದು ಊಹೆ, ಅದು ಹೊಂದುವ ಸಂಭವ ಹತ್ತು ಲಕ್ಷಕ್ಕೆ ಒಂದು.

ಹಳೆಯ ಪಿನ್ನಿಗೂ ಈ ಸಂಖ್ಯೆಗೂ ಇರುವ ಅಂತರ ದೊಡ್ಡದು. ಪಿನ್ನನ್ನು ಮುಚ್ಚಿಡಬೇಕಿತ್ತು, ಹೋಲಿಸಿ ನೋಡುವ ಈ ಆರು ಅಂಕಿಯನ್ನು ಪಕ್ಕದವನು ಓದಿದರೂ ಅವನಿಗೆ ಏನೂ ದಕ್ಕುವುದಿಲ್ಲ. ಇದನ್ನು ಬಚ್ಚಿಡುವ ಅಗತ್ಯವಿಲ್ಲ, ಸರಿಯಾಗಿ ನೋಡಿದರೆ ಸಾಕು. ಆದರೆ ನೋಡದೆಯೇ ‘ಹೌದು’ ಒತ್ತಿದರೆ ಹತ್ತು ಲಕ್ಷಕ್ಕೆ ಒಂದಾಗಿದ್ದ ಕಿಡಿಗೇಡಿಯ ಅವಕಾಶ ಪೂರ್ತಿ ಖಚಿತವಾಗಿಬಿಡುತ್ತದೆ. ಗಣಿತಜ್ಞರು ಕಟ್ಟಿದ್ದೆಲ್ಲ ಆ ಒಂದು ಒತ್ತಿನಲ್ಲಿ ಹೋಗುತ್ತದೆ.

ಪರದೆ ಇದ್ದವು, ಇಲ್ಲದವು

ಎಲ್ಲ ಉಪಕರಣಕ್ಕೂ ಪರದೆ ಇರುವುದಿಲ್ಲ. ಅದಕ್ಕಾಗಿ ಬ್ಲೂಟೂತ್ ನಾಲ್ಕು ಬಗೆಯ ಜೋಡಣೆ ಇಟ್ಟುಕೊಂಡಿದೆ. ಎರಡೂ ಕಡೆ ಪರದೆಯಿದ್ದರೆ ಹೋಲಿಕೆ. ಒಂದು ಕಡೆ ಪರದೆ, ಇನ್ನೊಂದು ಕಡೆ ಕೀಲಿಮಣೆ ಇದ್ದರೆ, ಪರದೆಯಲ್ಲಿ ಕಂಡ ಆರು ಅಂಕಿಯನ್ನು ಕೀಲಿಮಣೆಯಲ್ಲಿ ಒತ್ತಬೇಕು. ಮೂರನೆಯದು ಬೇರೆ ದಾರಿಯ ನೆರವು, ಅಂದರೆ ಎನ್‌ಎಫ್‌ಸಿ ಮೂಲಕ ಎರಡೂ ಉಪಕರಣಗಳನ್ನು ತಾಗಿಸಿ ಗುರುತು ವಿನಿಮಯ ಮಾಡಿಕೊಳ್ಳುವುದು. ನಾಲ್ಕನೆಯದಕ್ಕೆ ‘ಜಸ್ಟ್ ವರ್ಕ್ಸ್’ ಎಂದು ಹೆಸರು. ಅಲ್ಲಿ ಯಾವ ತಾಳೆಯೂ ಇಲ್ಲ. ಇಯರ್‌ಫೋನು, ಸ್ಪೀಕರು, ಮೌಸುಗಳು ಹೆಚ್ಚಾಗಿ ಜೋಡಿಯಾಗುವುದು ಹೀಗೆಯೇ.

ಅಂಕಿ ಒತ್ತುವ ಬಗೆಯಲ್ಲಿ ಎಚ್ಚರ ಸ್ವಲ್ಪ ಹೆಚ್ಚು ಬೇಕು. ಅಲ್ಲಿ ಸಂಖ್ಯೆ ಪ್ರತಿ ಸಲವೂ ಹೊಸದಾಗಿರಬೇಕು, ಜೋಡಣೆ ಮುಗಿಯುವವರೆಗೆ ಬೇರೆಯವರ ಕಣ್ಣಿಗೆ ಬೀಳಬಾರದು. ಕೀಬೋರ್ಡಿನ ಅಡಿಯಲ್ಲಿ ಅಚ್ಚು ಹಾಕಿದ ಒಂದೇ ಸಂಖ್ಯೆಯನ್ನು ಎಲ್ಲ ಸಲವೂ ಕೇಳುವ ಉಪಕರಣವಾದರೆ ಅದನ್ನು ಕೊಳ್ಳದಿರುವುದು ಒಳ್ಳೆಯದು.

ಹೋಲಿಸುವ ಮತ್ತು ಅಂಕಿ ಒತ್ತುವ ಬಗೆಗಳ ನಡುವಿನ ಗೊಂದಲವನ್ನೇ ಬಂಡವಾಳ ಮಾಡಿಕೊಳ್ಳುವ ದಾಳಿಯೊಂದನ್ನು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಮಂಡಿಸಿದರು. ನಡುವೆ ಕೂತವನು ಒಂದು ಉಪಕರಣದೊಡನೆ ಹೋಲಿಕೆಯ ವಿಧಾನವನ್ನೂ ಇನ್ನೊಂದರೊಡನೆ ಅಂಕಿ ಒತ್ತುವ ವಿಧಾನವನ್ನೂ ನಡೆಸುತ್ತಾನೆ. ಒಂದು ಪರದೆಯಲ್ಲಿ ಕಂಡ ಸಂಖ್ಯೆಯನ್ನು ನಾವು ಇನ್ನೊಂದರಲ್ಲಿ ಒತ್ತಿ, ನಮ್ಮ ಕೈಯಾರೆ ಅವನ ಎರಡು ತುದಿಗಳನ್ನು ಗಂಟು ಹಾಕಿಬಿಡುತ್ತೇವೆ. ಇದರಿಂದ ಪಾರಾಗಲು ಸಂಖ್ಯೆಯ ಜೊತೆ ಪ್ರಶ್ನೆಯನ್ನೂ ಓದಬೇಕು. ಒಂದು ಪರದೆ ‘ಎರಡೂ ಒಂದೇ ಇವೆಯೇ’ ಎಂದು ಕೇಳುತ್ತಿದ್ದು, ಇನ್ನೊಂದು ‘ಸಂಖ್ಯೆಯನ್ನು ಒತ್ತಿ’ ಎನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ರದ್ದು ಮಾಡಿ.

‘ಜಸ್ಟ್ ವರ್ಕ್ಸ್’ ಬಗೆಯಲ್ಲಿ ಸುಮ್ಮನೆ ಕದ್ದು ಕೇಳುವವನಿಂದ ರಕ್ಷಣೆ ಇದೆ, ನಡುವೆ ಬಂದು ಕೂರುವವನಿಂದ ಇಲ್ಲ. ಆ ಕೊರತೆಯನ್ನು ನಾವು ಜಾಗ ಮತ್ತು ಸಮಯದಿಂದ ತುಂಬಿಸಿಕೊಳ್ಳಬೇಕು. ಹೊಸ ಇಯರ್‌ಫೋನನ್ನು ರೈಲಿನಲ್ಲೋ ಮಾಲ್‌ನಲ್ಲೋ ಡಬ್ಬಿ ಬಿಚ್ಚಿದ ಉತ್ಸಾಹದಲ್ಲಿ ಜೋಡಿಸದೆ ಮನೆಗೆ ತಂದು ಜೋಡಿಸಿ. ಕಿಡಿಗೇಡಿ ಅದೇ ಕ್ಷಣ ಅಲ್ಲೇ ಇರುವ ಸಂಭವ ತೀರಾ ಕಡಿಮೆಯಾಗುತ್ತದೆ.

ಒಮ್ಮೆ ಕೂಡಿದ ಮೇಲೆ

ಮೊದಲ ಜೋಡಣೆಗೆ ಇಷ್ಟೊಂದು ಮಹತ್ವ ಬರಲು ಕಾರಣ, ಅದು ಪದೇ ಪದೇ ನಡೆಯುವುದಿಲ್ಲ. ಅಂದು ಹುಟ್ಟಿದ ಕೀಲಿಯನ್ನು ಎರಡೂ ಉಪಕರಣಗಳು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಮುಂದಿನ ಸಂಪರ್ಕಗಳೆಲ್ಲ ಅದನ್ನೇ ಆಧರಿಸಿ ನಡೆಯುತ್ತವೆ. ಆ ಕೆಲವು ಸೆಕೆಂಡು ಮೋಸವಾದರೆ ವರ್ಷಗಟ್ಟಲೆ ಮೋಸವಾದಂತೆ.

ನಿಯಮಾವಳಿಯಲ್ಲೂ ತಂತ್ರಾಂಶದಲ್ಲೂ ಬಿರುಕುಗಳು ಕಂಡಿವೆ, ಅದನ್ನು ಮುಚ್ಚಿಡುವಂತಿಲ್ಲ. 2018ರಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಎಲಿ ಬಿಹಾಮ್ ಮತ್ತು ಲಿಯೋರ್ ನ್ಯೂಮನ್, ಬಂದ ಸಂಖ್ಯೆ ನಿಜವಾಗಿ ವಕ್ರರೇಖೆಯ ಮೇಲಿದೆಯೇ ಎಂದು ಹಲವು ಉಪಕರಣಗಳು ಪರೀಕ್ಷಿಸುತ್ತಲೇ ಇಲ್ಲವೆಂದು ತೋರಿಸಿದರು. 2019ರಲ್ಲಿ ‘ನಾಬ್’ ಎಂಬ ದಾಳಿ ಬೆಳಕಿಗೆ ಬಂತು. ಕೀಲಿ ಎಷ್ಟು ಉದ್ದವಿರಬೇಕೆಂಬ ಮಾತುಕತೆಗೆ ರಕ್ಷಣೆಯಿಲ್ಲದ್ದರಿಂದ ಅದನ್ನು ಒಂದೇ ಬೈಟಿಗೆ, ಅಂದರೆ 256 ಸಾಧ್ಯತೆಗಳಿಗೆ ಇಳಿಸಬಹುದಿತ್ತು. ಆ ಬಳಿಕ ಕನಿಷ್ಠ ಉದ್ದವನ್ನು 7 ಬೈಟ್ ಎಂದು ನಿಗದಿ ಮಾಡಿದರು. 2023ರ ಡಿಸೆಂಬರಿನಲ್ಲಿ ಮಾರ್ಕ್ ನ್ಯೂಲಿನ್ ಎಂಬ ಸಂಶೋಧಕರು ಆ್ಯಂಡ್ರಾಯ್ಡ್, ಲಿನಕ್ಸ್ ಮತ್ತು ಆ್ಯಪಲ್ ಉಪಕರಣಗಳಿಗೆ ಮಾಲೀಕರ ಒಪ್ಪಿಗೆಯಿಲ್ಲದೆ ನಕಲಿ ಕೀಬೋರ್ಡ್ ಜೋಡಿಸಿ ಅಕ್ಷರಗಳನ್ನು ಒತ್ತಲು ಸಾಧ್ಯವೆಂದು ಪ್ರಕಟಿಸಿದರು. ಇವೆಲ್ಲಕ್ಕೂ ತೇಪೆಗಳು ಬಂದವು. ತೇಪೆ ಬಂದರೆ ಸಾಲದು, ಅದು ನಮ್ಮ ಫೋನಿಗೆ ತಲುಪಬೇಕು. ‘ಅಪ್‌ಡೇಟ್ ಆಮೇಲೆ’ ಎಂದು ಮುಂದೂಡುವ ಪ್ರತಿ ದಿನವೂ ಎಲ್ಲರಿಗೂ ಗೊತ್ತಾದ ಬಿರುಕೊಂದು ನಮ್ಮಲ್ಲಿ ತೆರೆದೇ ಇರುತ್ತದೆ.

ಯುಎಸ್‌ಬಿ ಡಾಂಗಲ್ ಚುಚ್ಚಿ ಬಳಸುವ ಅಗ್ಗದ ನಿಸ್ತಂತು ಕೀಬೋರ್ಡು, ಮೌಸುಗಳಲ್ಲಿ ಹಲವು ಬ್ಲೂಟೂತ್ ಉಪಕರಣಗಳೇ ಅಲ್ಲ ಎಂಬುದೂ ತಿಳಿದಿರಲಿ. ಅವು ಅದೇ ತರಂಗಪಟ್ಟಿಯಲ್ಲಿ ತಯಾರಕರ ಸ್ವಂತ ಭಾಷೆ ಬಳಸುತ್ತವೆ. ‘ಮೌಸ್‌ಜ್ಯಾಕ್’ ಎಂಬ ಹೆಸರಿನಲ್ಲಿ 2016ರಲ್ಲಿ ಪ್ರಕಟವಾದ ಸಂಶೋಧನೆ, ಅಂಥ ಹಲವು ಡಾಂಗಲ್‌ಗಳಿಗೆ ದೂರದಿಂದಲೇ ಸುಳ್ಳು ಅಕ್ಷರಗಳನ್ನು ತೂರಿಸಬಹುದೆಂದು ತೋರಿಸಿತ್ತು. ಹಣದ ವ್ಯವಹಾರ ನಡೆಯುವ ಕಚೇರಿ, ಸಹಕಾರ ಸಂಘ, ಸೈಬರ್ ಕೇಂದ್ರಗಳಲ್ಲಿ ತಂತಿಯ ಕೀಬೋರ್ಡೇ ಇರಲಿ. ನಿಸ್ತಂತುವೇ ಬೇಕೆಂದರೆ, ಜೋಡಣೆಗೆ ಅಂಕಿ ಕೇಳುವ ಬ್ಲೂಟೂತ್ ಕೀಬೋರ್ಡ್ ಇರಲಿ.

ಕ್ರಮವಾಗಿ ಮಾಡುವುದು ಹೀಗೆ

ಮೊದಲು ಎರಡೂ ಉಪಕರಣಗಳ ತಂತ್ರಾಂಶವನ್ನು ಹೊಸದಾಗಿಸಿಕೊಳ್ಳಿ. ಮನೆಯಲ್ಲಿ ಅಥವಾ ನಂಬಿಕೆಯ ಜಾಗದಲ್ಲಿ ಕೂತು, ಸೇರಿಸಬೇಕಾದ ಉಪಕರಣವನ್ನು ಜೋಡಣೆಯ ಸ್ಥಿತಿಗೆ ತನ್ನಿ. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಪುಟ ತೆರೆದು ‘ಆ್ಯಡ್ ಡಿವೈಸ್’ ಒತ್ತಿ. ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಉಪಕರಣ ಕಂಡರೆ ಮುಂದುವರಿಯದೆ, ನಿಮ್ಮದನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಯಾವ ಹೆಸರು ಮಾಯವಾಗಿ ಮತ್ತೆ ಬಂತೆಂದು ನೋಡಿ. ಅಂಕಿಗಳನ್ನು ಮೂರು ಮೂರಾಗಿ ಗಟ್ಟಿಯಾಗಿ ಓದಿಕೊಂಡರೆ ತಾಳೆ ನೋಡುವುದು ಸುಲಭ. ಕೆಲಸ ಮುಗಿದ ಮೇಲೆ ಬ್ಲೂಟೂತ್ ಪುಟವನ್ನು ಮುಚ್ಚಿ. ಈಗಿನ ಫೋನುಗಳು ಸಾಮಾನ್ಯವಾಗಿ ಆ ಪುಟ ತೆರೆದಿರುವಾಗ ಮಾತ್ರ ಅಪರಿಚಿತ ಉಪಕರಣಗಳಿಗೆ ಕಾಣಿಸಿಕೊಳ್ಳುತ್ತವೆ.

ಜೋಡಣೆಯ ಕಿಟಕಿಯಲ್ಲಿ ಕಾಂಟ್ಯಾಕ್ಟ್‌ಗಳನ್ನೂ ಕರೆಗಳ ದಾಖಲೆಯನ್ನೂ ನೋಡಲು ಅನುಮತಿ ಕೊಡಬೇಕೇ ಎಂದು ಕೇಳುವ ಚಿಕ್ಕ ಚೌಕವೊಂದು ಇರುತ್ತದೆ. ಸ್ಪೀಕರಿಗೆ ನಿಮ್ಮ ನೆಂಟರಿಷ್ಟರ ನಂಬರು ಬೇಕಿಲ್ಲ. ಬಾಡಿಗೆ ಕಾರಿಗೆ ಫೋನು ಜೋಡಿಸಿ ಹಾಡು ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅನುಮತಿ ಕೊಟ್ಟರೆ ಹೆಸರು, ನಂಬರುಗಳು ಕಾರಿನ ನೆನಪಿಗೆ ನಕಲಾಗಿ ನೀವು ಇಳಿದುಹೋದ ಮೇಲೂ ಅಲ್ಲಿ ಉಳಿಯಬಹುದು. ಫೋನಿನಿಂದ ಕಾರಿನ ಹೆಸರು ಅಳಿಸಿದರೆ ಫೋನಿನ ಕೀಲಿ ಮಾತ್ರ ಹೋಗುತ್ತದೆ. ಕಾರಿನ ಪರದೆಯಲ್ಲೂ ನಿಮ್ಮ ಫೋನನ್ನು ಹುಡುಕಿ ಅಳಿಸಬೇಕು. ಮಾರಿದ ಇಯರ್‌ಫೋನು, ಕಳೆದುಹೋದ ಕೀಬೋರ್ಡು, ಬಿಟ್ಟ ಕೆಲಸದ ಕಚೇರಿಯ ಪ್ರಿಂಟರು, ಇವೆಲ್ಲ ಜೋಡಣೆಯ ಪಟ್ಟಿಯಲ್ಲಿ ಇರಕೂಡದು.

ಖಾತರಿ ಎಲ್ಲಿಯವರೆಗೆ

ಸರಿಯಾಗಿ ಜೋಡಿಸಿದ ಸಂಪರ್ಕ, ಎದುರಿಗಿರುವವರು ಯಾರೆಂದು ಖಾತರಿಪಡಿಸುತ್ತದೆ. ಎಷ್ಟು ಹತ್ತಿರ ಇದ್ದಾರೆಂದು ಖಾತರಿಪಡಿಸುವುದಿಲ್ಲ. 2022ರಲ್ಲಿ ಎನ್‌ಸಿಸಿ ಗ್ರೂಪ್ ಸಂಸ್ಥೆಯ ಸಂಶೋಧಕರು ಟೆಸ್ಲಾ ಕಾರಿನ ಬಳಿ ಒಂದು, ಮಾಲೀಕನ ಫೋನಿನ ಬಳಿ ಇನ್ನೊಂದು ಉಪಕರಣ ಇಟ್ಟು, ಅಲೆಗಳನ್ನು ಹಾಗೆಯೇ ಸಾಗಿಸಿ ಕಾರಿನ ಬಾಗಿಲು ತೆರೆದರು. ಗೂಢಲಿಪಿಯನ್ನು ಅವರು ಒಡೆಯಲೇ ಇಲ್ಲ. 2024ರಲ್ಲಿ ಬಂದ ಬ್ಲೂಟೂತ್ 6.0 ಆವೃತ್ತಿ ಎರಡು ಉಪಕರಣಗಳ ನಡುವಿನ ದೂರವನ್ನು ನಿಖರವಾಗಿ ಅಳೆಯುವ ವ್ಯವಸ್ಥೆ ಸೇರಿಸಿತು. ಅದು ಎಲ್ಲ ಬೀಗಗಳಿಗೂ ಬರುವವರೆಗೆ, ಫೋನು ಹತ್ತಿರ ಬಂದರೆ ತಾನಾಗಿ ತೆರೆಯುವ ಬಾಗಿಲಿಗಿಂತ, ಫೋನಿನಲ್ಲಿ ಬೆರಳೊತ್ತಿದ ಮೇಲೆ ತೆರೆಯುವ ಬಾಗಿಲು ಮೇಲು.

ಬಳಕೆದಾರರ ಜಾಗರೂಕತೆಯ ಬಗ್ಗೆ ಇಷ್ಟು ಬರೆದ ಮೇಲೆ ತಯಾರಕರ ಹೊಣೆಯನ್ನೂ ಹೇಳಲೇಬೇಕು. ‘ಒಂದೇ ಒತ್ತಿನಲ್ಲಿ ಜೋಡಣೆ’ ಎಂಬ ಜಾಹೀರಾತಿನ ಹಿಂದೆ ಕೆಲವೊಮ್ಮೆ ತಾಳೆಯ ಹೆಜ್ಜೆಯನ್ನೇ ಕೈಬಿಟ್ಟಿರುತ್ತಾರೆ. ಹಾಡಿನ ಪೆಟ್ಟಿಗೆಗೆ ಅದನ್ನು ಸಹಿಸಬಹುದು. ಬೀಗಕ್ಕೆ, ಕೀಬೋರ್ಡಿಗೆ, ದೇಹಕ್ಕೆ ಅಂಟಿಕೊಂಡ ಉಪಕರಣಕ್ಕೆ ಸಹಿಸಬಾರದು. 2020ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಡಿಎ, ‘ಸ್ವೇನ್‌ಟೂತ್’ ಎಂಬ ಬ್ಲೂಟೂತ್ ಎಲ್‌ಇ ದೋಷಗಳು ಪೇಸ್‌ಮೇಕರ್, ಗ್ಲೂಕೋಸ್ ಮಾಪಕಗಳಂಥ ವೈದ್ಯಕೀಯ ಉಪಕರಣಗಳನ್ನೂ ಬಾಧಿಸಬಹುದೆಂದು ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲೂ ಇಂಥ ಉಪಕರಣಗಳು ಮನೆಮನೆಗೆ ಬರುತ್ತಿವೆ. ಆಸ್ಪತ್ರೆಗಳು, ಸರ್ಕಾರಿ ಇಲಾಖೆಗಳು ಟೆಂಡರ್ ಕರೆಯುವಾಗ ಜೋಡಣೆಯ ವಿಧಾನ ಯಾವುದು, ತೇಪೆಗಳನ್ನು ಎಷ್ಟು ವರ್ಷ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಬೇಕು. ಅಂಗಡಿಯಲ್ಲಿ ನಾವು ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಕು. ಕೊಳ್ಳುವವರು ಕೇಳತೊಡಗಿದರೆ ತಯಾರಕರು ಉತ್ತರ ಕೊಡಲೇಬೇಕಾಗುತ್ತದೆ. ಕಾರ್ಖಾನೆಯಲ್ಲಿ ತುಂಬಿದ ನಾಲ್ಕು ಸೊನ್ನೆಗಳನ್ನು ಅಂದು ಎಲ್ಲರೂ ಸುಮ್ಮನೆ ಒಪ್ಪಿಕೊಂಡದ್ದರಿಂದಲೇ ಅವು ಅಷ್ಟು ಕಾಲ ಉಳಿದವು.